ತಿರುಪಿಲ್ಲದ ಕ್ಲಿಪ್ಪು

ಇದು ನಡೆದದ್ದು ೨೦೦೬ರ ಬೇಸಿಗೆಯಲ್ಲಿ. ನಾನು ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ, ತಾಳವಾಡಿಯಲ್ಲಿ ಸೋದರಮಾವನ ಗಾಡಿ ರಿಪೇರಿ ಅಂಗಡಿಯಲ್ಲಿದ್ದೆ. ರಿಪೇರಿ ಅಂಗಡಿಯಲ್ಲಿ ಇಂಥವು ವಾರಕ್ಕೊಂದು ನಡೆಯುತ್ತವೆ. ಬರೆದಿಡುವವರು ಇರುವುದಿಲ್ಲ, ಅಷ್ಟೆ. ನನಗೆ ಬರೆದಿಡುವ ಅಭ್ಯಾಸ.

ಪಣಕಹಳ್ಳಿಯ ಯಜಮಾನರೊಬ್ಬರು ಎಲೆಕೋಸು ಸಾಗಿಸುವ ತಮ್ಮ ಹಳೇ ಜೀಪು ತಂದು ನಿಲ್ಲಿಸಿದರು. ಚಾಮರಾಜನಗರದ ಕಡೆ ಒಂದು ಒಣಗಿದ ಕೆರೆಯಂಗಳದಲ್ಲಿ ಸದ್ಯದಲ್ಲೇ ಜೀಪುಗಳ ರೇಸಿತ್ತು. ಹಿಂದಿನ ವರ್ಷದ ರೇಸಿನಲ್ಲಿ ರೇಡಿಯೇಟರಿನ ರಬ್ಬರ್ ಹೋಸ್ ಕಳಚಿ, ನೀರೆಲ್ಲ ಚೆಲ್ಲಿ, ಇವರ ಜೀಪು ನಡುವೆಯೇ ನಿಂತಿತ್ತು. ಇವರ ಬಾಮೈದ ಅದನ್ನು ತನ್ನ ಜೀಪಿಗೆ ಹಗ್ಗದಿಂದ ಕಟ್ಟಿಕೊಂಡು, ಇವರ ಹೆಂಡತಿಯ ತವರೂರಿನ ನಡುಬೀದಿಯಲ್ಲೇ ಎಳೆದು ತಂದಿದ್ದ.

"ಗೆಲ್ಲೋದು ಅತ್ಲಾಗಿರ್ಲಿ ಬುಡು," ಎಂದರು ಯಜಮಾನರು. "ಈ ಸಲ ಜೀಪು ತಾನಾಗೇ ಮನೆಗ್ ಬರ್ಬೇಕು. ಬೀದೀಲಿ ಎಳ್ಸ್ಕಂಡು ಬರಕ್ಕೆ ನಾನೇನು ಮದ್ವೆ ಎಣ್ಣಾ?"

ಹೋಸ್ ಹೊಸದು ಹಾಕುವುದೆಂದಾಯಿತು. ಅದು ಕೊಳವೆಯಿಂದ ಕಳಚದಂತೆ ಹಿಡಿಯುವ ಕ್ಲಿಪ್ಪು ಯಾವುದು ಎಂಬುದೊಂದೇ ಪ್ರಶ್ನೆ. ಒಂದೇ ಎಂದು ನಾನು ತಿಳಿದಿದ್ದೆ.

೧. ವರ್ನಿಯರ್

ನನ್ನ ಬಳಿ ವರ್ನಿಯರ್ ಕ್ಯಾಲಿಪರ್ ಇತ್ತು. ಹೊಸ ಹೋಸಿನ ಹೊರವ್ಯಾಸವನ್ನು ಮೂರು ಸಲ ಅಳೆದು ಸರಾಸರಿ ಬರೆದುಕೊಂಡೆ. ಮಾವ, ಜೀಪಿನ ಕೊಳವೆಯ ಮೇಲೇ ಇದ್ದ ಹಳೇ ಹೋಸಿಗೆ ಒಂದು ಸೆಣಬಿನ ದಾರ ಸುತ್ತಿ, ಗಂಟು ಹಾಕಿ, "ಇದುನ್ನೂ ತಗಂಡೋಗು," ಎಂದರು. ನಾನು ತೆಗೆದುಕೊಳ್ಳಲಿಲ್ಲ.

ಘಟ್ಟದ ಕೆಳಗೆ ಸತ್ಯಮಂಗಲದ ಬಿಡಿಭಾಗದ ಅಂಗಡಿಯವರು "ಎನ್ನ ಸೈಸ್, ತಂಬಿ?" ಎಂದು ಅಳತೆ ಕೇಳಿದರು. ದಶಮಾಂಶ ಸಮೇತ ಹೇಳಿದೆ. ಅವರು ನನ್ನನ್ನೊಮ್ಮೆ ನೋಡಿ, ತಂಬಿ ಕನ್ನಡಕಕ್ಕೆ ಗಾಜು ಕೇಳುತ್ತಿರಬೇಕು ಎಂದು ಪಕ್ಕದವರಿಗೆ ತಮಿಳಿನಲ್ಲಿ ಹೇಳಿದರು. ಆದರೂ ಅಷ್ಟೇ ಅಳತೆಯದನ್ನು ಹುಡುಕಿ ಕೊಟ್ಟರು.

ದಿಂಬಂ ಘಟ್ಟದ ಇಪ್ಪತ್ತೇಳು ತಿರುವು ಹತ್ತಿ ಬಂದು ನೋಡಿದರೆ, ಕೊಳವೆಗೆ ತೂರಿಸಿದ ಮೇಲೆ ಹೋಸ್ ಉಬ್ಬಿತ್ತು. ಕ್ಲಿಪ್ಪಿನ ಎರಡು ತುದಿ ಒಂದನ್ನೊಂದು ಮುಟ್ಟಲೇ ಇಲ್ಲ.

ಮಾವ ಬೀಡಿ ಹಚ್ಚಿದರು. "ಅಸಿದ್ ಒಟ್ಟೆ ಅಳ್ದು ಉಡ್ದಾರ ತಂದಿದ್ದೀಯ. ಉಂಡ್ ಮ್ಯಾಲೆ ಅಳೀಬೇಕು ಕಣ್ಲಾ."

ಮರುದಿನ ದಾರ ತೆಗೆದುಕೊಂಡು ಹೋದೆ. ಅಂಗಡಿಯವರು ಏನೂ ಕೇಳದೆ ಕೊಟ್ಟರು.

೨. ಒಂದೇ ಸುತ್ತು

ತಂದ ಕ್ಲಿಪ್ಪಿಗೆ ಒಂದು ತಿರುಪಿತ್ತು. ತಿರುಗಿಸಿದಷ್ಟೂ ಪಟ್ಟಿ ಬಿಗಿಯುತ್ತದೆ. ಎಷ್ಟು ಬೇಕೋ ಅಷ್ಟು ಬಿಗಿದು ಬಿಟ್ಟೆ.

ನಮ್ಮ ಕಡೆ ಒಂದು ಗಾಡಿ ದೊಡ್ಡ ಕೆಲಸಕ್ಕೆ ಹೊರಟಿದೆ ಎಂದರೆ, ನೋಡಲು ಬಂದವರು ಕೈ ಹಾಕದೆ ಹೋಗುವುದಿಲ್ಲ. ಮೊದಲು ಯಜಮಾನರು ಒಂದು ಸುತ್ತು ಬಿಗಿ ಮಾಡಿದರು. ಆಮೇಲೆ ಅವರ ಅಣ್ಣ. ಆಮೇಲೆ ಟೀ ಅಂಗಡಿಯವನು. ಬಸ್ಸಿನ ಡ್ರೈವರು ಬಸ್ಸನ್ನು ರಸ್ತೆಯಲ್ಲೇ ನಿಲ್ಲಿಸಿ, ಇಳಿದು ಬಂದು ಒಂದು ಸುತ್ತು ತಿರುಗಿಸಿ ಹೋದ.

ನಾನು "ಕ್ಲಿಪ್ಪು ಮುಟ್ಟಬಾರದು" ಎಂದು ಬರೆದು, ಕ್ಲಿಪ್ಪಿನ ಕಡೆಗೆ ಬಾಣದ ಗುರುತು ಹಾಕಿ ತೂಗುಹಾಕಿದೆ. ಅಲ್ಲಿಯವರೆಗೆ ಅದು ಎಲ್ಲಿದೆ ಎಂದು ಬಹಳ ಜನಕ್ಕೆ ಗೊತ್ತಿರಲಿಲ್ಲ. ಸ್ಕ್ರೂಡ್ರೈವರ್ ಬಚ್ಚಿಟ್ಟೆ. ಒಬ್ಬ ತಾತ ಕುಡುಗೋಲಿನ ತುದಿಯಿಂದ ತಿರುಗಿಸಿದರು.

ಸಂಜೆಗೆ ಪಟ್ಟಿ ರಬ್ಬರನ್ನು ಕೊಯ್ದು ಒಳಗಿಳಿದಿತ್ತು. "ಯಾರು ಇಷ್ಟು ಬಿಗಿ ಮಾಡಿದ್ದು?" ಎಂದು ಕೇಳಿದೆ.

"ನಾನ್ ಒಂದೇ ಒಂದು ಸುತ್ತು ಕಣಪ್ಪ," ಎಂದರು ಪ್ರತಿಯೊಬ್ಬರೂ.

ಯಾರೂ ಸುಳ್ಳು ಹೇಳಿರಲಿಲ್ಲ.

೩. ದಿಂಬಂ ಪರೀಕ್ಷೆ

ಹೋಸಿನ ಕೊಯ್ದ ತುದಿ ಕತ್ತರಿಸಿ, ಅದೇ ಬಗೆಯ ಇನ್ನೊಂದು ಕ್ಲಿಪ್ಪು ಹಾಕಿದೆವು. ಪೂರ್ತಿ ಭಾರ ಹೇರಿ ಘಟ್ಟ ಹತ್ತಿಸಿ ನೋಡಬೇಕೆಂದೆ. ಮರಳು ಮೂಟೆ ಹೇರುವುದು ನನ್ನ ಯೋಜನೆ. ಘಟ್ಟದ ಬುಡದಲ್ಲಿ ಬಸ್ಸು ತಪ್ಪಿಸಿಕೊಂಡಿದ್ದ ಜನ, ಜೀಪು ನಿಂತದ್ದೇ ತಡ, ಹತ್ತಿ ಕೂತರು. ಭಾರದ ಸಮಸ್ಯೆ ಬಗೆಹರಿಯಿತು.

ಯಜಮಾನರು ಓಡಿಸಿದರು. ನಾನು ಹಿಂದಿನ ಮೆಟ್ಟಿಲ ಮೇಲೆ ನಿಂತು, ಪ್ರತಿ ತಿರುವಿನಲ್ಲೂ "ಎಷ್ಟು?" ಎಂದು ಕೂಗುತ್ತಿದ್ದೆ. ಅವರು ಮೀಟರ್ ನೋಡಿ ನೀರಿನ ಬಿಸಿ ಹೇಳುತ್ತಿದ್ದರು. ನಾನು ಬರೆದುಕೊಳ್ಳುತ್ತಿದ್ದೆ. ಹತ್ತನೇ ತಿರುವಿನಲ್ಲಿ "ಎಷ್ಟು?" ಎಂದಾಗ ಒಬ್ಬ ಅಜ್ಜಿ ಸಿಡುಕಿದರು. "ಎಷ್ಟ್ ಸಲ ಏಳ್ಲಪ್ಪ ಕಂಡಕ್ಟ್ರು? ನಾನು, ನನ್ ಸೊಸೆ, ಎರಡೇ ಟಿಕೀಟು!"

ಘಟ್ಟದ ನೆತ್ತಿಯ ದಿಂಬಂ ತಲುಪಿದಾಗ ಒಂದು ತೊಟ್ಟೂ ಸೋರಿರಲಿಲ್ಲ. ಎಲ್ಲರೂ ಟೀ ಕುಡಿದೆವು. ಮರುದಿನ ಬೆಳಗ್ಗೆ ನೋಡಿದರೆ ಜೀಪಿನ ಕೆಳಗೆ ನೀರು ನಿಂತಿತ್ತು. ಕಾರಣ ಹುಡುಕಿದೆ: ರಾತ್ರಿಯ ಚಳಿಗೆ ರಬ್ಬರ್ ಕುಗ್ಗುತ್ತದೆ, ತಿರುಪಿನ ಪಟ್ಟಿ ಅದರ ಜೊತೆ ಕುಗ್ಗುವುದಿಲ್ಲ. ಕುಗ್ಗಿದರೂ ಹಿಗ್ಗಿದರೂ ಜೊತೆಗಿರುವ ಸ್ಪ್ರಿಂಗ್ ಕ್ಲಿಪ್ಪು ಬೇಕು. ಚಿತ್ರ ಬರೆದು, ಅರ್ಧ ಗಂಟೆ ವಿವರಿಸಿದೆ.

ಮಾವ ಪೂರ್ತಿ ಕೇಳಿಸಿಕೊಂಡರು. ಗುಜರಿ ಕಾರೊಂದರಿಂದ ಅಂಥದ್ದನ್ನೇ ಬಿಚ್ಚಿ, ಇಕ್ಕಳದಿಂದ ಹಿಸುಕಿ ಕೂರಿಸಿದರು.

"ನೀ ಏಳಿದ್ದೊಂದೂ ತಿಳೀನಿಲ್ಲ," ಎಂದರು. "ಆದ್ರೆ ಇದುಕ್ಕೆ ತಿರುಪಿಲ್ಲ. ಇನ್ ಯಾವನ್ ತಿರುಗುಸ್ತಾನೋ ನೋಡಾನ."

೪. ರೇಸು

ರೇಸಿನ ದಿನ ನಾನು, ಮಾವ, ಯಜಮಾನರ ಹೆಂಡತಿ ಕೆರೆ ಏರಿಯ ಮೇಲೆ ನಿಂತಿದ್ದೆವು. ಯಜಮಾನರಿಗೆ ಉಳಿದ ಜೀಪುಗಳ ಕಡೆ ಗಮನವೇ ಇರಲಿಲ್ಲ. ಕಣ್ಣೆಲ್ಲ ಬಿಸಿ ತೋರಿಸುವ ಮುಳ್ಳಿನ ಮೇಲೆ. ನಮ್ಮ ಮುಂದೆ ಹಾದು ಹೋದಾಗಲೆಲ್ಲ ಮಾವ ಬಗ್ಗಿ ಜೀಪಿನ ತಳ ನೋಡಿ, "ಸೋರ್ತಿಲ್ಲಾ!" ಎಂದು ಕೂಗುತ್ತಿದ್ದರು. ಆ ಖುಷಿಗೆ ಯಜಮಾನರು ಇನ್ನಷ್ಟು ಜೋರಾಗಿ ಓಡಿಸುತ್ತಿದ್ದರು. ಹೀಗೆ ಎಲ್ಲರಿಗಿಂತ ಮುಂದೆ ಬಂದರು. ಬಾಮೈದ ಎರಡನೆಯವನು.

ಆಮೇಲೆ ಒಂದು ಸಲ ನಮ್ಮನ್ನು ದಾಟಿದ ಯಜಮಾನರು, ಬಲಕ್ಕೆ ತಿರುಗುವ ಬದಲು ಗಾಡಿಜಾಡು ಹಿಡಿದು ಏರಿ ಹತ್ತಿ, ರಸ್ತೆಗೆ ಇಳಿದು, ಹಾರನ್ ಹೊಡೆಯುತ್ತ ಹೊರಟೇಹೋದರು.

"ಎಲ್ಲಿಗ್ ಒಂಟ್ರು ಇವ್ರು?" ಎಂದರು ಅವರ ಹೆಂಡತಿ.

"ಮನೆಗೆ ಕಣವ್ವ," ಎಂದರು ಮಾವ.

ನಮ್ಮನ್ನು ಬಾಮೈದ ತನ್ನ ಜೀಪಿನಲ್ಲಿ ಕರೆತಂದ. ದಾರಿಯಲ್ಲಿ ಅವನ ಊರಿನವರೆಲ್ಲ, ನಿಮ್ಮ ಭಾವ ಗೆದ್ದು ಹೋದರಂತಲ್ಲ ಎಂದು ಅವನನ್ನೇ ಕೇಳಿದರು. ಪಣಕಹಳ್ಳಿಯಲ್ಲಿ ಜೀಪಿಗೆ ಹೂವಿನ ಹಾರ ಬಿದ್ದಿತ್ತು. ಯಜಮಾನರು ಜಗುಲಿಯಲ್ಲಿ ಕಾಲು ಚಾಚಿ ಕೂತಿದ್ದರು. ಮಾವ ಜೀಪಿನ ಕೆಳಗೆ ತೂರಿ, ಹೋಸ್ ಮುಟ್ಟಿ, ಒದ್ದೆಯಾಗದ ಕೈ ಎತ್ತಿ ಎಲ್ಲರಿಗೂ ತೋರಿಸಿದರು.

"ಭಾವ, ನೀವೇ ಮುಂದಿದ್ರಿ," ಎಂದ ಬಾಮೈದ. ಬಹುಮಾನದ ಕಪ್ ಅವನ ಕಂಕುಳಲ್ಲಿತ್ತು. "ಯಾಕ್ ಬಂದ್ಬುಟ್ರಿ?"

"ಮುಗೀತಲ್ಲ?" ಎಂದರು ಯಜಮಾನರು.

ಎಲ್ಲರೂ ನನ್ನ ಕಡೆ ನೋಡಿದರು. ಬರೆದುಕೊಂಡಿದ್ದನ್ನು ಓದಿದೆ.

ರೌಂಡು ಒಟ್ಟು ಐದು. ಯಜಮಾನರು ಓಡಿಸಿದ್ದು ನಾಲ್ಕು.