ಅಟ್ಟದ ಮೇಲಿನ ದ್ರಾಕ್ಷಾರಸ

ಹಿಡಿದ ಕೆಲಸ ಬಿಡದವನನ್ನು ಊರಿನವರು ಛಲಗಾರ ಎನ್ನುತ್ತಾರೆ. ಮನೆಯವರು ಅದಕ್ಕೆ ಬಳಸುವ ಮಾತು ಬೇರೆ. ಅದನ್ನು ಇಲ್ಲಿ ಬರೆಯಲಾರೆ, ಏಕೆಂದರೆ ಇದನ್ನೂ ನನ್ನ ಹೆಂಡತಿ ಗಿರಿಜಾ ಓದುತ್ತಾಳೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹಗರಿಬೊಮ್ಮನಹಳ್ಳಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಹಗಲು ಟಪಾಲು ನೋಡುವುದು, ಸಂಜೆ ಪತ್ತೇದಾರಿ ಕಾದಂಬರಿ ಓದುವುದು. ಓದಿ ಓದಿ ಒಂದು ದಿನ ನಾನೂ ಒಂದು ಬರೆಯಲೇಬೇಕೆಂದು ಹಟ ಹುಟ್ಟಿತು. ನಮ್ಮ ಕಡೆ ಕೋಳಿ ಕಳವಾದರೂ ಯಾರು ಕದ್ದರೆಂದು ಮಧ್ಯಾಹ್ನದೊಳಗೆ ಸಂತೆಗೆಲ್ಲ ಗೊತ್ತಾಗುತ್ತದೆ. ಇಂಥಲ್ಲಿ ಪತ್ತೇದಾರನಿಗೆ ಏನು ಕೆಲಸ? ಹಾಗಾಗಿ ಕತೆಯನ್ನು ಪರದೇಶಕ್ಕೆ ಸಾಗಿಸಿದೆ. ಗುಡ್ಡದ ಇಳಿಜಾರಿನ ತುಂಬ ದ್ರಾಕ್ಷಿ ತೋಟ, ನೆಲಮಾಳಿಗೆಯಲ್ಲಿ ದ್ರಾಕ್ಷಾರಸದ ಪೀಪಾಯಿಗಳು, ಅವುಗಳ ನಡುವೆ ತೋಟದ ಯಜಮಾನನ ಹೆಣ. ರಕ್ತ ಒಂದು ಹನಿಯೂ ಇಲ್ಲ. ಪತ್ತೆ ಮಾಡುವವಳು ಬ್ರೆಡ್ಡಿನ ಅಂಗಡಿಯ ಮುದುಕಿ.

ನಾಲ್ಕು ಅಧ್ಯಾಯ ಬರೆದು ಒಂದು ವಾರಪತ್ರಿಕೆಗೆ ಕಳಿಸಿದೆ. ಹೋದ ದಾರಿಯಲ್ಲೇ ವಾಪಸು ಬಂತು. ಕತೆ ಪರವಾಗಿಲ್ಲ, ಆದರೆ ತಾವು ದ್ರಾಕ್ಷಿ ರಸವನ್ನು ಕಬ್ಬಿನ ಹಾಲಿನಂತೆ ಕೊಪ್ಪರಿಗೆಯಲ್ಲಿ ಕುದಿಸಿದ್ದೀರಿ, ಗೊತ್ತಿಲ್ಲದ್ದನ್ನು ಬರೆಯಬೇಡಿ ಎಂದು ಸಂಪಾದಕರು ಚೀಟಿ ಇಟ್ಟಿದ್ದರು. ಅವರು ಹೇಳಿದ್ದು ನಿಜ. ನಮ್ಮ ಮನೆಯಲ್ಲಿ ಕುಡಿತದ ಹೆಸರೆತ್ತುವಂತಿಲ್ಲ. ಕೂಡ್ಲಿಗಿ ಕಡೆ ಬಸ್ಸಿನಲ್ಲಿ ಹೋಗುವಾಗ ಈಚಲ ಮರಕ್ಕೆ ಕಟ್ಟಿದ ಗಡಿಗೆ ಕಂಡದ್ದಷ್ಟೇ ನನ್ನ ಅನುಭವ. ಯಾರನ್ನಾದರೂ ಕೇಳೋಣವೆಂದರೆ, ಕೇಳಿದ್ದೇ ಸುದ್ದಿಯಾಗುತ್ತದೆ. ಕೊನೆಗೆ ಗ್ರಂಥಾಲಯದ ಹಳೆಯ ಪುಸ್ತಕವೊಂದರಲ್ಲಿ ಅರ್ಧ ಪುಟದ ವಿವರ ಸಿಕ್ಕಿತು. ಹಣ್ಣು ಹಿಸುಕಿ, ಸಕ್ಕರೆ ಬೆರೆಸಿ, ಬಟ್ಟೆ ಕಟ್ಟಿ ಇಟ್ಟರೆ ತಾನೇ ಹುಳಿ ಹಿಡಿಯುತ್ತದಂತೆ. ಗಿರಿಜಾ ತವರೂರು ಉಜ್ಜಿನಿಗೆ ಹೋದ ದಿನ ಸಂತೆಯಿಂದ ಕಪ್ಪು ದ್ರಾಕ್ಷಿ ತಂದೆ. ಉಪ್ಪಿನಕಾಯಿ ಭರಣಿಯಲ್ಲಿ ಹಿಸುಕಿಟ್ಟು, ಪಡಸಾಲೆಯ ಮೇಲಿನ ಅಟ್ಟದಲ್ಲಿ ಹಳೆಯ ಚೀಲಗಳ ಹಿಂದೆ ಅಡಗಿಸಿದೆ. ಅವಳು ಬಂದ ಮೇಲೂ ದಿನಾ ಸಂಜೆ ಅಟ್ಟ ಹತ್ತಿ ಮೂಸಿ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಮೂರನೇ ದಿನ ನೊರೆ, ಐದನೇ ದಿನ ಗುಳುಗುಳು ಸದ್ದು, ಏಳನೇ ದಿನ ನನಗೆ ತಲೆನೋವು.

ಅಷ್ಟರಲ್ಲಿ ನನ್ನ ತಂಗಿ ವಿಶಾಲಾಕ್ಷಿಯನ್ನು ನೋಡಲು ತೆಲಿಗಿಯಿಂದ ಗಂಡಿನ ಕಡೆಯವರು ಬರುತ್ತಾರೆಂದು ಕಾಗದ ಬಂತು. ಹಿಂದೆ ಎರಡು ಸಂಬಂಧಗಳು ತಪ್ಪಿದ್ದವು. ಎರಡೂ ಅವಳ ಬಾಯಿಂದಲೇ. ಹಾಡಲು ಬರುತ್ತದೆಯೇ ಎಂದರೆ ಬರುವುದಿಲ್ಲ ಎನ್ನುವಳು, ವಯಸ್ಸು ಕೇಳಿದರೆ ಇದ್ದಷ್ಟನ್ನೂ ಹೇಳುವಳು. ಈ ಸಲ ತಪ್ಪಿದರೆ ತಾನು ಊಟವನ್ನೇ ಬಿಡುವುದಾಗಿ ಅವ್ವ ಹೇಳಿದ್ದಳು. ಅಟ್ಟದ ವಾಸನೆ ಪಡಸಾಲೆಗೆ ಇಳಿಯತೊಡಗಿದ್ದರಿಂದ ನಾನು ಹಿಂದಿನ ದಿನವೇ ಭರಣಿಯ ಮುಚ್ಚಳ ಬಿಗಿದು ಮೇಲೆ ಮೇಣ ಮೆತ್ತಿದೆ. ಭರಣಿಯನ್ನು ಚೆಲ್ಲಬಹುದಿತ್ತಲ್ಲ ಎಂದು ನೀವು ಕೇಳಬಹುದು. ಐದನೇ ಅಧ್ಯಾಯ ಇನ್ನೂ ಮುಗಿದಿರಲಿಲ್ಲ.

ಹುಡುಗ, ಅವನ ದೊಡ್ಡಪ್ಪ ರುದ್ರಪ್ಪನವರು, ಇಬ್ಬರು ಹೆಂಗಸರು ಬಂದರು. ಹುಡುಗ ಮೇಷ್ಟ್ರು, ಮಾತು ಕಡಿಮೆ. ಮಾತೆಲ್ಲ ದೊಡ್ಡಪ್ಪನವರದೇ. ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಂದವು. ವಿಶಾಲಾಕ್ಷಿ ಬಂದು ಕುಳಿತಳು. ಹಿರಿಯರು ಮೊದಲ ಪ್ರಶ್ನೆಗೆ ಗಂಟಲು ಸರಿಮಾಡಿಕೊಳ್ಳುವಾಗ ಮೇಲೆ ಢಬ್ಬೆಂದು ಸದ್ದಾಯಿತು. ಅಟ್ಟದ ಹಲಗೆಗಳ ಸಂದಿನಿಂದ ನೇರಳೆ ಬಣ್ಣದ ಹನಿಗಳು ರುದ್ರಪ್ಪನವರ ಬಿಳಿ ಅಂಗಿಯ ಭುಜದ ಮೇಲೆ ತೊಟ್ಟಿಕ್ಕಿದವು. ಅವರು ಬೆರಳಲ್ಲಿ ಒರೆಸಿ ಮೂಸಿದರು. ನಾನು ಗೋಡೆ ನೋಡತೊಡಗಿದೆ.

“ದ್ರಾಕ್ಷಾಸವ ಐತ್ರಿ,” ಎಂದಳು ಗಿರಿಜಾ, ಏನೂ ಆಗದವಳಂತೆ. “ಅತ್ತಿಯವರಿಗೆ ಕೆಮ್ಮು. ಔಷಧ ಮಾಡಿ ಇಟ್ಟಿದ್ವಿ.”

ಹುಟ್ಟಿದಾಗಿನಿಂದ ಕೆಮ್ಮದ ಅವ್ವ ಆಗ ಎರಡು ಸಲ ಕೆಮ್ಮಿದಳು. ರುದ್ರಪ್ಪನವರು ತಮಗೂ ಕೆಮ್ಮಿದೆಯೆಂದೂ ಉಳಿದಿದ್ದರೆ ಒಂದಿಷ್ಟು ಕೊಡಬೇಕೆಂದೂ ಕೇಳಿದರು. ಒಡೆದ ಭರಣಿಯ ತಳದಲ್ಲಿದ್ದುದನ್ನು ಗಿರಿಜಾ ಬಟ್ಟೆಯಲ್ಲಿ ಸೋಸಿ ಲೋಟದಲ್ಲಿ ತಂದಳು. ಅವರು ಗುಟುಕರಿಸಿ, ಕಣ್ಣು ಮುಚ್ಚಿ, ಪೂರ್ತಿ ಮುಗಿಸಿದರು. ಆಮೇಲೆ ಲೋಟ ಕೆಳಗಿಟ್ಟು ನಮ್ಮನ್ನೆಲ್ಲ ಬಿಟ್ಟು ನನ್ನ ತಂಗಿಯ ಕಡೆ ತಿರುಗಿದರು.

“ನೀ ಹೇಳವ್ವಾ. ಏನಿದು?”

ಗಿರಿಜಾ ಕಣ್ಣು ಸನ್ನೆ ಮಾಡಿದಳು, ಅವ್ವ ಮತ್ತೆ ಕೆಮ್ಮಿದಳು. ವಿಶಾಲಾಕ್ಷಿ ಇಬ್ಬರನ್ನೂ ನೋಡಲಿಲ್ಲ.

“ದ್ರಾಕ್ಷಿ ಹೆಂಡ ರೀ. ಕತಿ ಬರಿಯಾಕಂತ ನಮ್ಮಣ್ಣ ಮಾಡ್ಯಾನ. ಅವ ಕುಡಿಯಾಂವಲ್ಲ. ಅದರ ವಾಸನಿಗೇ ಅವಗ ತಲಿ ನೋಯತೈತಿ.”

ಹುಡುಗ ಅಲ್ಲಿಯತನಕ ನೆಲ ನೋಡುತ್ತಿದ್ದವನು ಮೊದಲ ಬಾರಿ ತಲೆಯೆತ್ತಿ ಅವಳನ್ನು ನೋಡಿದ. ಸಂಬಂಧ ಮುರಿದೇ ಹೋಯಿತೆಂದು ನಾನು ಅಂದುಕೊಂಡೆ. ರುದ್ರಪ್ಪನವರು, “ಸೊಸಿ ಮನಿ ಮಾನ ಕಾಯ್ದಳು, ಮಗಳು ಖರೇ ಹೇಳಿದಳು,” ಎಂದರು. “ಒಂದ ಮನ್ಯಾಗ ಎರಡೂ ಇರಬೇಕು ನೋಡ್ರಿ.” ಲಗ್ನ ಅಲ್ಲೇ ಗೊತ್ತಾಯಿತು. ಅವ್ವ ಅಡುಗೆಮನೆಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಅಂದು ಊಟ ಬಡಿಸಿದವರಿಲ್ಲ.

ಔಷಧದ ಮಾತು ಅಷ್ಟು ಬೇಗ ಹೇಗೆ ಹೊಳೆಯಿತೆಂದು ಗಿರಿಜಾಳನ್ನು ಮರುದಿನ ಕೇಳಿದೆ. ಹೊಳೆಯಲಿಲ್ಲವಂತೆ, ಐದು ದಿನದಿಂದ ಯೋಚಿಸಿಟ್ಟಿದ್ದಳಂತೆ. “ನಿಮ್ಮ ಪಂಚಿ ಒಗಿಯಾಕಿ ನಾನ ರೀ,” ಎಂದಳು. ಪಂಚೆಗೆ ನೇರಳೆ ಕಲೆ ಹತ್ತಿದ್ದು, ಡಬ್ಬಿಯ ಸಕ್ಕರೆ ಕಡಿಮೆಯಾಗಿದ್ದು, ಅಟ್ಟದ ಕಡೆ ಇರುವೆ ಸಾಲು ಹೊರಟಿದ್ದು, ಏಣಿ ಎಂದರೆ ಹೆದರುವ ನಾನು ದಿನಾ ಏರಿದ್ದು, ಎಲ್ಲ ಲೆಕ್ಕಕ್ಕೆ ಬಂದಿತ್ತು. ಕಾದಂಬರಿಯನ್ನೂ ಓದಿದ್ದಳು. ಕೊಂದವನು ತೋಟದ ಮೇಸ್ತ್ರಿ ಎಂದು ಎರಡನೇ ಅಧ್ಯಾಯದಲ್ಲೇ ತಿಳಿಯಿತಂತೆ.

ನಾನು ಬಿಡುವವನೇ? ಕೊಲೆಗಾರನನ್ನು ಬದಲಿಸಿ ವೈದ್ಯನನ್ನು ಮಾಡಿದೆ. ರೊಟ್ಟಿ ತಟ್ಟುತ್ತಲೇ ಅವಳು ವೈದ್ಯ ಎಂದಳು. ವಕೀಲನನ್ನು ಮಾಡಿದೆ, ವಕೀಲ ಎಂದಳು. ಬ್ರೆಡ್ಡಿನ ಮುದುಕಿಯನ್ನೇ ಮಾಡಿದರೂ ಸಿಕ್ಕಿಬಿದ್ದಳು. ಮದುವೆಯ ಓಡಾಟದ ನಡುವೆ ಮತ್ತೆ ಒಂದಿಬ್ಬರನ್ನು ಬದಲಿಸಿ, ಹಳೆಯ ಹಾಳೆ ಹೊಸ ಹಾಳೆಗಳನ್ನು ಹೇಗೋ ಜೋಡಿಸಿ ಅಂಚೆಗೆ ಹಾಕಿದೆ. ಈ ಸಲ ಅಚ್ಚಾಯಿತು. ಕೊಂದವರು ಯಾರೆಂದು ಕೊನೆಯ ಸಾಲಿನವರೆಗೂ ಊಹಿಸಲಾಗದ ಕೃತಿ ಎಂದು ಸಂಪಾದಕರು ಮೇಲೆ ಎರಡು ಮಾತು ಬೇರೆ ಬರೆದಿದ್ದರು. ಕೊನೆಯ ಸಾಲನ್ನು ನಾನೂ ಮೂರು ಸಲ ಓದಿದೆ. ಅದರಲ್ಲಿ ಪೊಲೀಸರು ಒಬ್ಬನನ್ನು ಹಿಡಿದುಕೊಂಡು ಹೋಗುತ್ತಾರೆ. ಅವನು ಯಾರೆಂದು ನನಗೆ ಗೊತ್ತಾಗಲಿಲ್ಲ.