ಮೀಸೆಯ ಮೇಲೆ ಸೆರಗು

ನಿಪ್ಪಾಣಿ ಪೇಟೆಯ ಹಮಾಲ ಜ್ಞಾನದೇವನಿಗೆ ಕ್ವಿಂಟಲ್ ಚೀಲವೆಂದರೆ ಹೂವಿನಷ್ಟು ಹಗುರ. ಎಳೆಯ ಮಗಳು ಮಾತ್ರ ಹೆಬ್ಬಂಡೆ. ಹಮಾಲರ ಮುಷ್ಕರ ಶುರುವಾದ ದಿನವೇ ಕೂಸು ನೋಡುತ್ತಿದ್ದ ಅವನ ಅವ್ವ ಸದಲಗಾ ಊರಿಗೆ ಹೋಗಬೇಕೆ! ತಂಬಾಕು ತುಂಬಿಡುವ ವಖಾರಿಯಲ್ಲಿ ಹೆಂಡತಿಗೆ ಸಿಗುವ ಕೂಲಿಯೂ ತಪ್ಪಿದರೆ ಒಲೆ ಉರಿಯದು. ಹೆಂಡತಿ ಸುಂದರಾ ಕೂಸನ್ನು ಅವನ ತೊಡೆಯ ಮೇಲೆ ಹಾಕಿದಳು.

"ತಂಬಾಕಿನ ಘಾಟಿಗೆ ಕೂಸ ಕೆಮ್ಮತೈತಿ. ಇವತ್ತ ನೀವ ನೋಡ್ಕೋರಿ."

"ನಾನ? ಮಂದಿ ನೋಡಿದರ?"

"ಮಂದಿ ನೋಡಿದರ ಕೂಸೇನ ಸವದ ಹೋಗೂದಿಲ್ಲ," ಎಂದು ಹೊರಟೇಬಿಟ್ಟಳು.

ಅವನಿಗೆ ಮಂದಿಗಿಂತ ಜೊತೆಯ ಹಮಾಲ ಧೂಳಪ್ಪನ ಹೆದರಿಕೆ. ನಿನ್ನೆಯಷ್ಟೇ ಚಹಾದಂಗಡಿಯಲ್ಲಿ ಇಬ್ಬರೂ ಮೀಸೆ ತಿರುವುತ್ತ, ಕೂಸು ಎತ್ತುವ ಗಂಡಸರನ್ನು ಆಡಿಕೊಂಡು ನಕ್ಕಿದ್ದರು. ಈಗ ಅವನ ಕಣ್ಣಿಗೆ ಬಿದ್ದರೆ ಪೇಟೆಯಲ್ಲಿ ತಲೆಯೆತ್ತುವಂತಿಲ್ಲ. ಜ್ಞಾನದೇವ ಬಾಗಿಲ ಅಗಳಿ ಹಾಕಿದ.

ಕೂಸು ಸೂರು ಹಾರುವಂತೆ ಅತ್ತಿತು. ಹಾಲು ಕುಡಿಸಿದರೆ ಮೈಮೇಲೆ ಕಾರಿತು. ಚೀಲ ಎತ್ತುವಾಗಿನ ಹಾಡು ಹಾಡಿದರೆ ಅಳು ಇನ್ನೂ ಜೋರಾಯಿತು. ಮನೆಯಲ್ಲಿ ಶಾಂತವಾಗಿದ್ದವನು ಗೋಡೆಯ ಪಟದ ಬುದ್ಧನೊಬ್ಬನೇ. ಕೊನೆಗೆ ಹಗ್ಗದ ಮೇಲಿದ್ದ ಸುಂದರಾಳ ಸೀರೆಯಿಂದ ಅದರ ಮೂಗು ಒರೆಸಿದ. ತಾಯಿಯ ವಾಸನೆಗೆ ಕೂಸು ತಟ್ಟನೆ ಸುಮ್ಮನಾಯಿತು. ಸೀರೆ ತೆಗೆದರೆ ಮತ್ತೆ ಅಳು! ವಿಧಿಯಿಲ್ಲದೆ ಅದನ್ನೇ ಸುತ್ತಿಕೊಂಡು, ತಲೆಗೆ ಸೆರಗು ಹೊದ್ದು ತೂಗಿದ. ಮಗಳು ಎದೆಗಾತು ನಿದ್ದೆಹೋದಾಗ ಅವನಿಗೂ ಹಿತವೆನಿಸಿತು.

ಅದೇ ಹೊತ್ತಿಗೆ ಪಕ್ಕದ ಮನೆಯ ಪದ್ಮವ್ವ ಕಿಟಕಿಯಲ್ಲಿ ಇಣುಕಬೇಕೆ!

"ಅಯ್ಯಯ್ಯ! ಸುಂದರಾ ಅತ್ತ ಹೋದಳು, ಇತ್ತ ಇಂವ ಬ್ಯಾರೇದಾಕಿನ್ನ ಒಳಗ ಕರಕೊಂಡಾನ!"

ಓಣಿಗೆ ಓಣಿಯೇ ನೆರೆಯಿತು. ಯಾರೋ ವಖಾರಿಗೆ ಓಡಿದರು. ಸುಂದರಾ ಕಸಬರಿಗೆ ಹಿಡಿದೇ ಬಂದಳು.

"ಬಾಗಲಾ ತೆಗೀರಿ! ಯಾವಾಕಿ ಆಕಿ?"

ಬಾಗಿಲು ತೆರೆಯಿತು. ಸೆರಗಿನ ಕೆಳಗೆ ಮೀಸೆ, ಮೀಸೆಯ ಕೆಳಗೆ ಕೂಸು.

"ಸುಮ್ಮನಿರ್ರೇ, ಈಗಷ್ಟ ಮಕ್ಕೊಂಡಾಳ!"

ಓಣಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸುಂದರಾ ಗಂಡನ ಸೆರಗನ್ನು ಅಕ್ಕರೆಯಿಂದ ಸರಿಪಡಿಸಿ ಕೆಲಸಕ್ಕೆ ಮರಳಿದಳು.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಧೂಳಪ್ಪ! ಸುದ್ದಿ ಮುಟ್ಟಿತೆಂದು ಜ್ಞಾನದೇವ ತಲೆ ತಗ್ಗಿಸಿದ. ಧೂಳಪ್ಪ ನಗಲಿಲ್ಲ. ಅತ್ತಿತ್ತ ನೋಡಿ ಒಳಗೆ ನುಸುಳಿ, ಕಂಬಳಿಯೊಳಗಿಂದ ಚೀರುತ್ತಿದ್ದ ತನ್ನ ಮಗನನ್ನು ಹೊರತೆಗೆದ.

"ಇವನ ಅವ್ವನೂ ವಖಾರಿಗೆ ಹೋಗ್ಯಾಳ. ಮುಂಜಾನಿಂದ ಒದರಾಕತ್ತಾನಪಾ. ನನ್ನ ಮೀಸಿ ಮಾನ ಉಳಸು."

ಮಗನ ಜೊತೆಗೆ ತನ್ನ ಹೆಂಡತಿಯ ಹಸಿರು ಸೀರೆಯನ್ನೂ ಕೊಟ್ಟ.

"ಹೆಂಗೂ ಒಂದ ಉಟ್ಟೀಯಲ್ಲ, ಇದನ್ನೂ ಮ್ಯಾಲ ಸುತಗೋ. ನಾ ಚಾ ಕುಡದ ಬರ್ತೀನಿ."