ನಾದಿನಿಯ ಗೃಹಪ್ರವೇಶಕ್ಕೆ ನಾನು ಬಿಟ್ಟ ನೀರು

ಭಾಷಣ ಮಾಡಲು ವಿಷಯ ಗೊತ್ತಿರಬೇಕು ಎಂಬ ಮೂಢನಂಬಿಕೆ ನನಗೆ ಯಾವತ್ತೂ ಇರಲಿಲ್ಲ. ಚನ್ನಗಿರಿಯ ಕಾಲೇಜಿನಲ್ಲಿ ನಾನು ಕಲಿಸುವುದು ಕನ್ನಡ. ಆದರೆ ಹನಿ ನೀರಾವರಿ, ಹಲ್ಲಿನ ಆರೋಗ್ಯ, ಜೇನು ಸಾಕಣೆ, ಸೊಳ್ಳೆ ನಿಯಂತ್ರಣ, ಎಲ್ಲದರ ಬಗ್ಗೆಯೂ ಸುತ್ತಮುತ್ತಲಿನ ಊರುಗಳಲ್ಲಿ ಮೈಕು ಹಿಡಿದವನು. ಸೊಳ್ಳೆಯ ಭಾಷಣವನ್ನು ಸೊಳ್ಳೆಗಳೂ ಕೊನೆಯವರೆಗೆ ಇದ್ದು ಕೇಳಿದ್ದವು! ಹಾಗಾಗಿ ನ್ಯಾಮತಿ ಕಡೆಯ ಪ್ರೌಢಶಾಲೆಯೊಂದರ ಹೆಡ್ ಮಾಸ್ಟರು ಫೋನ್ ಮಾಡಿ, "ಸಾರ್, ಶನಿವಾರ ಬರ್ರಿ. ವಿಡಿಯೋ ಗೇಮಿನ ಒಳಿತು-ಕೆಡುಕು ಬಗ್ಗೆ ಮಕ್ಳಿಗೆ ನಾಕು ಮಾತು ಹೇಳಬೇಕು" ಎಂದಾಗ, "ಓಹೋ, ವಿಡಿಯೋ ಗೇಮಾ? ಅದು ನನ್ನ ಮೆಚ್ಚಿನ ವಿಷಯ" ಎಂದುಬಿಟ್ಟೆ.

ಅಲ್ಲೇ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದ ಹೆಂಡತಿ ಸುಮಂಗಲ ತಲೆ ಎತ್ತಿದಳು.

"ಅಲ್ರಿ, ಒಂದಿನಾನಾದ್ರೂ ಆಡಿದ್ದೀರಾ?"

"ಆಡಾಕೇನೈತೆ ಅದ್ರಾಗೆ? ಕೆಟ್ಟದ್ದು ಅಂತ ಎಲ್ರಿಗೂ ಗೊತ್ತೈತೆ."

"ನಾನು ದಿನಾ ಆಡ್ತೀನಿ. ನಾನೇನು ಕೆಟ್ಟೋಗೀನಾ?"

ನಾನು ದಂಗಾದೆ. ಮಗಳು ಹಾಸ್ಟೆಲ್ಲಿಗೆ ಹೋಗುವಾಗ ಬಿಟ್ಟುಹೋಗಿದ್ದ ಟ್ಯಾಬು ಹಿಡಿದು ಇವಳು ಮಧ್ಯಾಹ್ನದ ಹೊತ್ತು ಕೂರುತ್ತಿದ್ದದ್ದು ನಿಜ. ಅಡುಗೆಯ ವಿಡಿಯೋ ನೋಡುತ್ತಾಳೆ ಎಂದುಕೊಂಡಿದ್ದೆ. ಆದರೂ ಸಾರಿನ ರುಚಿ ಯಾಕೆ ಬದಲಾಗಿಲ್ಲ ಎಂಬ ಅನುಮಾನ ಒಳಗೊಳಗೇ ಇತ್ತು!

"ಆಡಿ ನೋಡ್ರಿ. ಆಮೇಲೆ ಹೋಗಿ ಭಾಷಣ ಬಿಗೀರಿ" ಎಂದಳು. ಈ ಮಾತು ನನ್ನ ಸ್ವಾಭಿಮಾನಕ್ಕೆ ನೇರವಾಗಿ ತಾಗಿತು. ಶನಿವಾರದೊಳಗೆ ಎಲ್ಲ ಬಗೆಯ ಆಟಗಳನ್ನೂ ಆಡಿ, ನಿಷ್ಪಕ್ಷಪಾತವಾದ ತೀರ್ಪು ಕೊಟ್ಟೇ ತೀರುತ್ತೇನೆ ಎಂದು ದೇವರ ಮನೆಯ ಮುಂದೆ ನಿಂತು ಪಣ ತೊಟ್ಟೆ. ಹಿಡಿದ ಕೆಲಸವನ್ನು ಬಿಡುವ ಜಾಯಮಾನ ನನ್ನದಲ್ಲ. ಕೆಲಸವೇ ನನ್ನನ್ನು ಕೊಡವಿಕೊಂಡು ಓಡಬೇಕು.

ಸುಮಂಗಲ ಟ್ಯಾಬು ಕೊಟ್ಟು ಪಾಠ ಶುರು ಮಾಡಿದಳು. "ಮುಖ್ಯವಾಗಿ ಮೂರು ಥರ ಅದಾವೆ. ಒಂದು ರಾಜ, ಮಂತ್ರ, ಡ್ರ್ಯಾಗನ್ನು ಅಂತ ಮಾಯಾಲೋಕದ್ದು. ಇನ್ನೊಂದು, ಕಾಡಾಗೆ ಒಬ್ಬನ್ನೇ ಬಿಟ್ಟು ಬದುಕ್ಕಂಡು ಬಾ ಅನ್ನೋದು. ಮೂರನೇದು ನಮಗೆ ಬೇಕಾದಂಗೆ ಊರು-ಕೇರಿ ಕಟ್ಕಳೋದು. ಮೂರನೇದು ನಿಮಗೆ ಬ್ಯಾಡ."

"ಯಾಕೆ ಬ್ಯಾಡ?"

"ಬ್ಯಾಡ ಅಂದ್ರೆ ಬ್ಯಾಡ."

ಮೊದಲು ಮಾಯಾಲೋಕಕ್ಕೆ ಇಳಿದೆ. ಸೊಂಟದಲ್ಲಿ ಕತ್ತಿ, ಬೆನ್ನಲ್ಲಿ ಗುರಾಣಿ. ಗುಡ್ಡದ ಮೇಲಿರುವ ಡ್ರ್ಯಾಗನ್ ಕೊಂದು ರಾಜಧಾನಿ ಉಳಿಸು ಎಂದು ಸ್ವತಃ ಮಹಾರಾಜರ ಅಪ್ಪಣೆ. ಊರ ಬಾಗಿಲು ದಾಟುವಷ್ಟರಲ್ಲಿ ಒಬ್ಬಳು ಮುದುಕಿ ಅಡ್ಡ ಬಂದು ತನ್ನ ಮೇಕೆ ಕಳೆದುಹೋಗಿದೆ ಎಂದಳು. 'ಒಪ್ಪಿಗೆ', 'ನಿರಾಕರಣೆ' ಎಂದು ಎರಡು ಗುಂಡಿಗಳು ಮೂಡಿದವು. ವಯಸ್ಸಾದ ಹೆಣ್ಣುಮಗಳ ಮುಖಕ್ಕೆ ಆಗೋದಿಲ್ಲ ಎನ್ನುವುದು ಹೇಗೆ? ಒಪ್ಪಿದೆ. ಮುಂದೆ ಕಮ್ಮಾರ ಇದ್ದಿಲು ಬೇಕೆಂದ, ಒಪ್ಪಿದೆ. ಇನ್ನೊಬ್ಬ ತನ್ನ ಮಗಳ ಮನೆಗೆ ಒಂದು ಗಡಿಗೆ ತಲುಪಿಸಿ ಎಂದ, ಅದಕ್ಕೂ ಒಪ್ಪಿದೆ. ನಮ್ಮ ಕಡೆ ಬಸ್ಸು ಹತ್ತುವವನ ಕೈಗೆ ನಾಲ್ಕು ಮನೆಯವರು ಚೀಲ ಕೊಡುವುದು ವಾಡಿಕೆ. ಆ ಅಭ್ಯಾಸಬಲದಲ್ಲಿ ಗಡಿಗೆ ಹೊತ್ತು, ಇದ್ದಿಲು ಹೊತ್ತು, "ಮೇಕೆ, ಮೇಕೆ" ಎಂದು ಗುಡ್ಡ ಸುತ್ತಿದೆ. ಅಷ್ಟರಲ್ಲಿ ಡ್ರ್ಯಾಗನ್ ತಾನಾಗಿಯೇ ಇಳಿದು ಬಂದು ರಾಜಧಾನಿ ಸುಟ್ಟು ವಾಪಸು ಹೋಗಿತ್ತು!

ಹಿಂದೆ ನಿಂತು ನೋಡುತ್ತಿದ್ದ ಸುಮಂಗಲ ಸೊಂಟದ ಮೇಲೆ ಕೈ ಇಟ್ಟಳು. "ಮನೀಗೆ ಗ್ಯಾಸ್ ಬುಕ್ ಮಾಡ್ರಿ ಅಂತ ಹೇಳಿ ವಾರ ಆತು. ಅಲ್ಲಿ ಯಾರದೋ ಮೇಕೆ ಹುಡುಕ್ತಾ ನಿಂತೀರಲ್ಲ!"

"ನಾಳೆ ಮಾಡ್ತೀನಿ ಬಿಡೆ" ಎಂದೆ. ಭಾಷಣಕ್ಕೊಂದು ಅಂಶ ಸಿಕ್ಕಿತ್ತು. ಮಾಯಾಲೋಕದ ಒಳಿತು: ಪರೋಪಕಾರಕ್ಕೆ ಅವಕಾಶ. ಕೆಡುಕು: ಪರೋಪಕಾರಕ್ಕೆ ಮಿತಿಯೇ ಇಲ್ಲ.

ಎರಡನೆಯದು ಕಾಡು. ಹಿಮ ಸುರಿಯುತ್ತಿತ್ತು, ಮೂಲೆಯಲ್ಲಿ ಹಸಿವಿನ ಗೆರೆ ಇಳಿಯುತ್ತಿತ್ತು. ಒಂದು ಜಿಂಕೆ ಬಂದು ನನ್ನ ಮುಂದೆಯೇ ನಿಂತಿತು. ಅದನ್ನು ಹೊಡೆದು ತಿನ್ನಬೇಕೆಂಬುದು ಆಟ ಮಾಡಿದವರ ಉದ್ದೇಶ. ಆದರೆ ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ ನಮ್ಮದು. ಪರದೆಯೊಳಗಿನ ಜಿಂಕೆಯಾದರೇನು, ಜಿಂಕೆ ಜಿಂಕೆಯೇ. "ನೀನು ಹೋಗವ್ವಾ" ಎಂದು ಕಳಿಸಿಕೊಟ್ಟೆ. ಕೆಂಪು ಹಣ್ಣು ಕಂಡಿತು, ತಿಂದೆ, ಸತ್ತೆ. ಮರುಜನ್ಮ ಪಡೆದು ಅಣಬೆ ತಿಂದೆ, ಮತ್ತೆ ಸತ್ತೆ. ನೋಡಿ ನೋಡಿ ಸಾಕಾದ ಸುಮಂಗಲ, "ಮೊದ್ಲು ಬೆಂಕಿ ಹಚ್ರಿ, ಬೇರು-ಗಡ್ಡೆ ಸುಟ್ಕಂಡು ತಿನ್ರಿ" ಎಂದಳು. ಬೆಂಕಿ ಹಚ್ಚುವುದು ನನ್ನಿಂದ ಆಗಲಿಲ್ಲ. ನಮ್ಮ ಮನೆಯ ಒಲೆಯನ್ನೂ ನಾನು ಹಚ್ಚಿದವನಲ್ಲ! ಕೊನೆಗೆ ಚಳಿಯಲ್ಲಿ ಶುದ್ಧ ಶಾಕಾಹಾರಿಯಾಗಿ ದೇಹ ಬಿಟ್ಟೆ.

"ಈ ಆಟದ ಒಳ್ಳೆ ಗುಣ ಏನು ಗೊತ್ತೈತಾ?" ಎಂದಳು. "ಊಟ ತಾನಾಗೇ ತಟ್ಟೆಗೆ ಬಂದು ಬೀಳಲ್ಲ ಅಂತ ಕಲಿಸ್ತೈತೆ. ಬರ್ಕಳ್ರಿ."

ನಾನು ಬರೆದುಕೊಂಡೆ. ಆಮೇಲೆ ಒಂದು ಲೋಟ ಕಾಫಿ ಕೇಳಿದೆ. "ಕಾಡಾಗೆ ಹುಡುಕ್ಕಳ್ರಿ" ಎಂದಳು.

ಉಳಿದದ್ದು ಮೂರನೆಯದು. ಬೇಡ ಎಂದ ಮೇಲೆ ಬಿಡಬಹುದಿತ್ತು. ಆದರೆ ಪಣ ತೊಟ್ಟವನು ನಾನು! ಗುರುವಾರ ಪೂರ್ತಿ ಅವಳ ಹಿಂದೆ ಬಿದ್ದೆ. ಕೊನೆಗೆ ಬೇಸತ್ತು ಅವಳು ತನ್ನ ಊರನ್ನು ತೆರೆದು ತೋರಿಸಿದಳು.

ನಿಜ ಹೇಳುತ್ತೇನೆ, ಟ್ಯಾಬನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದೆ. ಚೌಕ ಚೌಕ ಕಲ್ಲುಗಳನ್ನೇ ಜೋಡಿಸಿ ಕಟ್ಟಿದ ದೊಡ್ಡ ಕೆರೆ. ಉದ್ದನೆಯ ಏರಿ. ಗುಡ್ಡಗಳು ಕೂಡ ನಮ್ಮ ಸೂಳೆಕೆರೆಯ ಗುಡ್ಡಗಳಂತೆಯೇ ಬಾಗಿ ನಿಂತಿದ್ದವು. ಸುಮಂಗಲ ಮತ್ತು ಅವಳ ತಂಗಿ ಕವಿತ ಹುಟ್ಟಿ ಬೆಳೆದದ್ದು ಆ ಕೆರೆಯ ದಂಡೆಯ ಹಳ್ಳಿಯಲ್ಲಿ. ಕವಿತಳನ್ನು ಕೊಟ್ಟದ್ದು ಜಗಳೂರು ತಾಲ್ಲೂಕಿನ ಬಿಳಿಚೋಡಿಗೆ. ಅಲ್ಲಿ ಅವಳಿಗೆ ಕುರಿ, ಹೊಲ, ಹೊಲಿಗೆ ಮಿಷಿನ್ನು. ಇಲ್ಲಿ ಇವಳಿಗೆ ನಾನು. ಹೀಗಾಗಿ ಅಕ್ಕ-ತಂಗಿ ಭೇಟಿಯಾಗುತ್ತಿದ್ದದ್ದು ಯಾರದಾದರೂ ಮದುವೆಯಲ್ಲಿ, ಅದೂ ಊಟದ ಪಂಕ್ತಿಯಲ್ಲಿ. ಈಗ ಮಾತ್ರ ದಿನಾ ಮಧ್ಯಾಹ್ನ ಅವಳು ಫೋನಿನಲ್ಲಿ, ಇವಳು ಟ್ಯಾಬಿನಲ್ಲಿ, ಸ್ಪೀಕರ್ ಹಾಕಿಕೊಂಡು ಮಾತಾಡುತ್ತಾ ಒಂದೇ ಊರನ್ನು ಕಟ್ಟುತ್ತಿದ್ದರು.

"ಬಾಗ್ಲು ತಗುದ್ರೆ ನೀರು ಕಾಣ್ಬೇಕು ಅಂತ ಅವಳಾಸೆ" ಎಂದು ಸುಮಂಗಲ ಒಂದು ಮರದ ಮನೆ ತೋರಿಸಿದಳು. ಕೆರೆಯ ಏರಿಯ ಕೆಳಗೇ ಇತ್ತು. ಒಳಗೆ ಕೆಂಪು ಜಮಖಾನ, ಗೋಡೆಗೆ ದೀಪ, ಅಂಗಳದಲ್ಲಿ ಹೂವಿನ ಗಿಡ. "ಏರಿ ಅಡ್ಡ ಬಂದು ನೀರು ಕಾಣ್ತಿಲ್ಲ ಅಂತ ಬೇಜಾರು ಮಾಡ್ಕಂಡಾಳೆ. ಏನಾರ ಮಾಡನ ಅಂದೀನಿ. ನಾಳೆ ನಾಕು ಗಂಟೆಗೆ ಗೃಹಪ್ರವೇಶ. ಅಲ್ಲಿ ಅವಳು, ಇಲ್ಲಿ ನಾನು, ಇಬ್ರೂ ಒಟ್ಟಿಗೇ ನಮ್ ನಮ್ ಒಲೆ ಮೇಲೆ ನಿಜವಾದ ಹಾಲು ಉಕ್ಕಿಸ್ತೀವಿ." ಹೇಳುವಾಗ ಅವಳ ಮುಖದಲ್ಲಿ ಎಂಥ ಸಂಭ್ರಮ! ನನಗೂ ಖುಷಿಯಾಯಿತು. ಆ ಖುಷಿಯೇ ಮುಂದಿನ ಅನಾಹುತಕ್ಕೆ ಕಾರಣ.

ಶುಕ್ರವಾರ ಮಧ್ಯಾಹ್ನ ನನಗೆ ಪಾಠವಿರಲಿಲ್ಲ. ಹೂವು-ಹಣ್ಣು ತರಲು ಪೇಟೆಗೆ ಹೊರಟ ಸುಮಂಗಲ ಟ್ಯಾಬನ್ನು ನನ್ನ ಕೈಗಿಟ್ಟು, "ಕಣ್ಣಾಗೆ ನೋಡ್ರಿ, ಕೈಯಾಗೆ ನೋಡ್ಬ್ಯಾಡ್ರಿ" ಎಂದು ಹೇಳಿ ಹೋದಳು.

ಕಣ್ಣಲ್ಲೇ ನೋಡುತ್ತಿದ್ದೆ. ಕವಿತಳ ಮನೆಯ ಪಕ್ಕ ಅವಳ ಹೊಲವಿತ್ತು. ಕೆರೆ ತುಂಬಿ ತುಳುಕುತ್ತಿದೆ, ಹೊಲ ಮಾತ್ರ ಒಣಗಿ ಕಂದು ಬಣ್ಣಕ್ಕೆ ತಿರುಗಿದೆ. ಏರಿಗೆ ತೂಬು ಇಲ್ಲ, ಹೊಲಕ್ಕೆ ಕಾಲುವೆ ಇಲ್ಲ! ನಮ್ಮಪ್ಪ ನೀರುಗಂಟಿ. ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಎಂದು ನೋಡಿ ತೂಬು ಎತ್ತಿ ಬಿಡುತ್ತಿದ್ದವನು. ಅವನ ಮಗನಾಗಿ ಈ ಅನ್ಯಾಯ ನೋಡಿಕೊಂಡು ಕೂರಲೇ? ನಾದಿನಿಗೆ ಗೃಹಪ್ರವೇಶದ ಉಡುಗೊರೆಯಾಗಿ ಒಂದು ತೂಬು ಮಾಡಿಕೊಡೋಣ ಎನಿಸಿತು. ಗುದ್ದಲಿ ಹಿಡಿದು ಏರಿಯ ಒಂದೇ ಒಂದು ಕಲ್ಲನ್ನು ಕಿತ್ತೆ.

ನೀರು ಬಂತು. ಹೊಲಕ್ಕೆ ಬಂತು, ಪೈರನ್ನು ಬೇರುಸಹಿತ ಕಿತ್ತು ತೇಲಿಸಿತು. ಅಂಗಳಕ್ಕೆ ಬಂತು, ಹೂವಿನ ಗಿಡ ಹೋದವು. ತೆರೆದ ಬಾಗಿಲಿನಿಂದ ಒಳಗೆ ನುಗ್ಗಿ ದೀಪ, ಜಮಖಾನ ಎಲ್ಲವನ್ನೂ ಹೊರಗೆ ಹಾಕಿತು. ಆಗಲಿ, ಕೆರೆ ಇಳಿದ ಮೇಲೆ ತಾನೇ ನಿಲ್ಲುತ್ತದೆ ಎಂದು ಧೈರ್ಯ ತಂದುಕೊಂಡೆ. ಕೆರೆ ಒಂದಿಂಚೂ ಇಳಿಯಲಿಲ್ಲ! ಎಷ್ಟು ಹರಿದರೂ ಕಡಿಮೆಯಾಗದ ಕೆರೆ. ನಮ್ಮಪ್ಪ ಜೀವನವಿಡೀ ಕನಸು ಕಂಡದ್ದು ಇಂಥ ಕೆರೆಯನ್ನೇ. ಅದು ಸಿಕ್ಕಿದ್ದು ನನ್ನ ಕೈಗೆ.

ಕಿತ್ತ ಕಲ್ಲನ್ನು ವಾಪಸು ಇಡೋಣವೆಂದರೆ ಅದೂ ತೇಲಿಹೋಗಿತ್ತು. ಪ್ರವಾಹದಲ್ಲಿ ಜನ ಮಾಡುವಂತೆ ಮನೆಯ ಮಾಡು ಹತ್ತಿದೆ. ಅಲ್ಲಿಂದ ಫೋನಿನಲ್ಲಿ ಪರಿಹಾರ ಹುಡುಕಿದೆ. ಹರಿಯುವ ನೀರಿನ ಮೇಲೆ ಲಾವಾ, ಅಂದರೆ ಕರಗಿದ ಬೆಂಕಿಯ ಬಂಡೆ, ಸುರಿದರೆ ಎರಡೂ ಸೇರಿ ಗಟ್ಟಿ ಕಲ್ಲಾಗುತ್ತದೆ ಎಂದು ಯಾರೋ ಪುಣ್ಯಾತ್ಮರು ಬರೆದಿದ್ದರು. ಸುಮಂಗಲಳ ಸಾಮಾನಿನಲ್ಲಿ ಲಾವಾ ತುಂಬಿದ ಬಕೆಟ್ಟುಗಳೇ ಇದ್ದವು. ಒಂದೊಂದಾಗಿ ಎತ್ತಿ ಸುರಿದೆ. ನೀರು ಕಲ್ಲಾಯಿತು ನಿಜ. ಆದರೆ ನಾನು ನಿಂತಿದ್ದದ್ದು ಮರದ ಮಾಡಿನ ಮೇಲೆ ಎಂಬ ಸಣ್ಣ ಸಂಗತಿ ಮರೆತಿದ್ದೆ. ಮನೆಗೆ ಬೆಂಕಿ ಬಿತ್ತು. ಅರ್ಧ ಮುಳುಗಿದ ಮನೆಯನ್ನು ಸುಟ್ಟ ಕೀರ್ತಿ ನನಗಿಂತ ಮುಂಚೆ ಯಾರಿಗಾದರೂ ಬಂದಿದೆಯೇ, ತಿಳಿಯದು!

ಸುಮಂಗಲ ಹೂವಿನ ಚೀಲ ಹಿಡಿದು ಒಳಗೆ ಬಂದಳು. ಟ್ಯಾಬು ನೋಡಿದಳು. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಅವಳು ಬೈಯಲಿಲ್ಲ. ಟ್ಯಾಬು ತೆಗೆದುಕೊಂಡು ಏರಿಯ ಬಿರುಕಿಗೆ ಒಂದು ಹೆಂಟೆ ಮಣ್ಣು ಇಟ್ಟಳು. ನೀರು ನಿಂತಿತು.

"ಅವಳು ಒಂದೊಂದೇ ಕಟ್ಟಿಗೆ ಹುಡುಕಿ ಕಟ್ಟಿದ್ಲು ಕಣ್ರಿ" ಎಂದಳು ಮೆಲ್ಲಗೆ. "ಈಗ ಏನಂತ ಹೇಳ್ಲಿ ಅವಳಿಗೆ?"

ಅವಳ ಕಣ್ಣು ತುಂಬಿತ್ತು. "ಏನೂ ಹೇಳ್ಬ್ಯಾಡ. ನಾಕು ಗಂಟೆ ಒಳಗೆ ಮನೆ ಎಬ್ಬಿಸ್ತೀನಿ. ಇಲ್ಲಾಂದ್ರೆ ನಾಳೆ ನ್ಯಾಮತಿಗೆ ಹೋಗಲ್ಲ!" ಎಂದು ಟ್ಯಾಬು ಕಿತ್ತುಕೊಂಡೆ. ಮರ ಇರಲಿಲ್ಲ. ಕಲ್ಲು ಮಾತ್ರ ಬೇಕಾದಷ್ಟಿತ್ತು, ನಾನೇ ತಯಾರಿಸಿದ್ದು. ಬೆವರು ಒರೆಸಿಕೊಳ್ಳುತ್ತಾ ಸಾಲಿನ ಮೇಲೆ ಸಾಲು ಇಟ್ಟೆ. ಗೋಡೆ ಎದ್ದಿತು, ಮೇಲೆ ಕಲ್ಲಿನ ಮಾಡು ಬಂತು. ಗಡಿಯಾರದಲ್ಲಿ ಇನ್ನೂ ಸ್ವಲ್ಪ ಸಮಯ ಮಿಕ್ಕಿತ್ತು. ನನ್ನ ಬಗ್ಗೆ ನನಗೇ ಗೌರವ ಬಂತು.

ನಾಲ್ಕಕ್ಕೆ ಸರಿಯಾಗಿ ಸ್ಪೀಕರಿನಲ್ಲಿ ಕವಿತಳ ದನಿ. "ಅಕ್ಕಾ, ಬಂದೆ. ಹಾಲು ತೆಗೆದಿಟ್ಟೀನಿ." ಕೂಡಲೇ ದನಿ ಬದಲಾಯಿತು. "ಅಕ್ಕಾ... ನನ್ ಮನೆ ಎಲ್ಲೈತೆ? ಇದ್ಯಾವುದಿದು, ಕಲ್ಲಿನ ಡಬ್ಬಿ?"

"ಅದೇ ಮನೆ ಕಣವ್ವಾ" ಎಂದೆ. "ಭದ್ರವಾಗಿರ್ಲಿ ಅಂತ ಕಲ್ಲಾಗೆ ಕಟ್ಟಿಸೀನಿ."

"ಭಾವ! ನೀವೆಲ್ಲಿದೀರಿ? ಕಾಣವಲ್ರಿ."

"ಒಳಗಿದೀನಿ."

ಕವಿತ ಮನೆಯನ್ನು ಒಂದು ಸುತ್ತು ಹಾಕಿದಳು. ಇನ್ನೊಂದು ಸುತ್ತು ಹಾಕಿದಳು. "ಭಾವ, ಬಾಗ್ಲು ಎಲ್ಲೈತೆ?"

ನಾನು ಒಳಗಿನಿಂದ ನಾಲ್ಕೂ ದಿಕ್ಕಿಗೆ ತಿರುಗಿ ನೋಡಿದೆ. ಕಲ್ಲು, ಕಲ್ಲು, ಕಲ್ಲು, ಕಲ್ಲು. ಗುದ್ದಲಿಯನ್ನು ಹೊರಗೆ ಬಿಟ್ಟು ನನ್ನ ಸುತ್ತಲೂ ನಾನೇ ಗೋಡೆ ಎಬ್ಬಿಸಿಕೊಂಡಿದ್ದೆ! ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ತೂಬಿನಿಂದ ಶುರು ಮಾಡಿ ಬೆಂಕಿಯವರೆಗೆ ಎಲ್ಲವನ್ನೂ ಹೇಳಿ, "ತಪ್ಪಾತು ಕಣವ್ವಾ" ಎಂದೆ.

ಬಿಳಿಚೋಡಿನಿಂದ ಬಿಕ್ಕಿದ ಹಾಗೆ ಒಂದು ಸದ್ದು ಬಂತು. ಅಳುತ್ತಿದ್ದಾಳೆ ಎಂದುಕೊಂಡೆ. ಅವಳು ನಗುತ್ತಿದ್ದಳು. ಅದನ್ನು ಕೇಳಿ ಸುಮಂಗಲಳೂ ಸೆರಗಿನಿಂದ ಕಣ್ಣೊರೆಸಿಕೊಂಡು ನಗತೊಡಗಿದಳು.

"ತಡೀರಿ ಭಾವ, ನಾನೇ ಬಾಗ್ಲು ಇಡ್ತೀನಿ" ಎಂದು ಕವಿತ ಎದುರುಗೋಡೆಯ ಕಲ್ಲು ಒಡೆದಳು. ಬೆಳಕು ಬಂತು. "ಅಕ್ಕಾ, ಆ ಮಣ್ಣು ತೆಗಿ. ಸಣ್ಣದಾಗಿ ಕಾಲುವೆ ಮಾಡಿ ನೀರನ್ನ ಇಲ್ಲೇ ಬಾಗ್ಲ ಮುಂದೆ ಹರೀಲಿ ಬಿಡನ. ಏರಿ ಅಡ್ಡ ಇದ್ರೇನೀಗ, ನೀರೇ ಮನೀಗೆ ಬರ್ತೈತೆ." ಸುಮಂಗಲ ನನ್ನ ಕೈಯಿಂದ ಟ್ಯಾಬು ತೆಗೆದುಕೊಂಡಳು. ಅಕ್ಕ-ತಂಗಿ ಮಾತಾಡಿಕೊಳ್ಳುತ್ತಾ ಕಾಲುವೆ ತೋಡಿದರು. ಬಾಗಿಲು ತೆಗೆದರೆ ನೀರು!

"ಈಗ ಹಾಲು" ಎಂದು ಸುಮಂಗಲ ಅಡುಗೆಮನೆಗೆ ಓಡಿದಳು. ಒಲೆ ಹಚ್ಚಿದಳು. ನೀಲಿ ಉರಿ ಒಮ್ಮೆ ಎದ್ದು, ಪುಸಕ್ ಎಂದು ಆರಿತು. ಮತ್ತೆ ಹಚ್ಚಿದಳು. ಏನೂ ಇಲ್ಲ.

"ಗ್ಯಾಸು..." ಎಂದಳು ನನ್ನ ಕಡೆ ತಿರುಗಿ.

ಹಾಲು ಬಿಳಿಚೋಡಿನಲ್ಲಿ ಉಕ್ಕಿತು. ನಾವಿಬ್ಬರೂ ಸ್ಪೀಕರಿನಲ್ಲಿ ಕೇಳಿಸಿಕೊಂಡೆವು.

ಶನಿವಾರ ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ ನ್ಯಾಮತಿ ತಲುಪಿ ಮೈಕಿನ ಮುಂದೆ ನಿಂತೆ. ಒಳಿತುಗಳನ್ನು ಹೇಳಲು ಕಷ್ಟವಾಗಲಿಲ್ಲ. ದೂರವಿದ್ದ ಅಕ್ಕ-ತಂಗಿ ಒಂದೇ ಕೆರೆಯ ದಂಡೆಗೆ ಬಂದದ್ದನ್ನು ಹೇಳಿದೆ. ಕೆಡುಕುಗಳಿಗೆ ಬಂದಾಗ ಬರೆದುಕೊಂಡ ಚೀಟಿ ತಿರುವಿ ಹಾಕಿದೆ. ಯಾವುದನ್ನು ನೆನೆಸಿಕೊಂಡರೂ ಆಟದ ಕೆಡುಕು ಸಿಗಲಿಲ್ಲ, ನನ್ನದೇ ಸಿಗುತ್ತಿತ್ತು. ನಡೆದದ್ದನ್ನೇ ಹೇಳಿ ಕೂತೆ. ಮಕ್ಕಳು ಬೆಂಚು ಬಡಿದು ನಕ್ಕರು. ಹೆಡ್ ಮಾಸ್ಟರು ಮಾತ್ರ ಫೋನಿನಲ್ಲಿ ಮುಳುಗಿದ್ದರು. ಏನೂ ಕೇಳಿಸಿಕೊಂಡಿರಲಿಲ್ಲ. ಬಸ್ ಸ್ಟ್ಯಾಂಡಿನವರೆಗೂ ಬಂದು ಕೈ ಹಿಡಿದು, "ಭಾಳ ಚೆನ್ನಾಗಿತ್ತು ಸಾರ್. ಮುಂದಿನ ತಿಂಗಳು ಇನ್ನೊಂದು ಐತೆ, ನೀವೇ ಬರ್ಬೇಕು" ಎಂದರು.

ರಾತ್ರಿ ಊಟಕ್ಕೆ ಕೂತಾಗ ಸುದ್ದಿ ಹೇಳಿದೆ. ಸುಮಂಗಲ ವಿಷಯ ಏನೆಂದು ಕೇಳಿದಳು. ನಾನು ತಟ್ಟೆ ನೋಡುತ್ತಾ ಹೇಳಿದೆ. ಅವಳು ಕೂಡಲೇ ಬಿಳಿಚೋಡಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ನನ್ನ ಬಾಯಿಂದಲೇ ಹೇಳಿಸಿದಳು.

"ಕೆರೆಗಳ ಸಂರಕ್ಷಣೆ."

"ಒಪ್ಕಂಡ್ರಾ ಭಾವ?" ಎಂದಳು ಕವಿತ.

"ಹೂಂ."

"ಭಾಷಣಕ್ಕೆ ಮುಂಚೆ ನಮ್ ಕೆರೆ ನೋಡಾಕೆ ಬರೋದಾದ್ರೆ ಒಂದಿನ ಮೊದ್ಲೇ ಹೇಳ್ರಿ. ಮನೆ ಖಾಲಿ ಮಾಡ್ಕಂತೀನಿ."